ಆಟದ ಒಳಮನೆ

‘ಅಭಿಮಾನ’ ಎಂಬುದು ಸಂಸ್ಕೃತದಿಂದ ಬಂದು ಕನ್ನಡದಲ್ಲಿ ತನ್ನ ಗುಣವನ್ನು ತಿದ್ದಿಕೊಂಡ ಶಬ್ದ. ಶಾಸ್ತ್ರಗ್ರಂಥಗಳಲ್ಲಿ ಅದಕ್ಕೆ ‘ನಾನು, ನನ್ನದು’ ಎಂಬ ಗರ್ವದ ಅರ್ಥವೇ ಮುಖ್ಯ. ದೇಹಾಭಿಮಾನವನ್ನು ನೀಗಬೇಕೆಂದು ಹಿರಿಯರು ಬೋಧಿಸುವಾಗ ಅವರ ಮನಸ್ಸಿನಲ್ಲಿರುವುದು ಆ ಅರ್ಥವೇ. ಆದರೆ ನಮ್ಮ ನಿತ್ಯದ ಮಾತಿನಲ್ಲಿ ಅಭಿಮಾನವೆಂದರೆ ಪ್ರೀತಿ. ನುಡಿಯ ಅಭಿಮಾನ, ಊರಿನ ಅಭಿಮಾನ, ಮಠದ ಅಭಿಮಾನ. ಈ ಎರಡು ಅರ್ಥಗಳೂ ಒಂದೇ ಶಬ್ದದೊಳಗೆ ವಾಸಿಸುತ್ತಿರುವುದು ವಿಚಾರಯೋಗ್ಯವಾದ ಸಂಗತಿ. ಪ್ರೀತಿಯಾಗಿ ಹುಟ್ಟಿದ ಅಭಿಮಾನ ಗರ್ವವಾಗಿ ಬೆಳೆಯಬಲ್ಲದು. ಗರ್ವವಾಗಿದ್ದ ಅಭಿಮಾನ ಅರಿವಿನಿಂದ ಸೇವೆಯಾಗಿ ಮಾಗಬಲ್ಲದು.

ಸದ್ಭಕ್ತ ಬಂಧುಗಳೇ, ಇಂದು ನಮ್ಮ ಮನೆಗಳಲ್ಲಿ ಬೆಳೆಯುತ್ತಿರುವ ಮಕ್ಕಳ ಅಭಿಮಾನ ಬಹುಮಟ್ಟಿಗೆ ಕ್ರಿಕೆಟ್ ತಂಡಗಳ ಮೇಲಿದೆ. ಆಟಗಾರನ ಹೆಸರುಳ್ಳ ಅಂಗಿ, ಗೋಡೆಯ ಮೇಲೆ ಅವನ ಚಿತ್ರ, ನಾಲಗೆಯ ಮೇಲೆ ಅವನ ಓಟಗಳ ಲೆಕ್ಕ. ಇದನ್ನು ಕಂಡು ಅನೇಕ ಹಿರಿಯರು ಬೇಸರಪಡುತ್ತಾರೆ. ನಾನು ಬೇಸರಪಡುವವರ ಸಾಲಿನಲ್ಲಿಲ್ಲ. ತಾನು ಮೆಚ್ಚಿದವರ ಸಮೀಪಕ್ಕೆ ಹೋಗಬೇಕು, ಅವರ ಲೋಕದ ಒಳಗನ್ನು ಒಮ್ಮೆ ಕಾಣಬೇಕು ಎಂಬ ಹಂಬಲ ಹೊಸದಲ್ಲ, ಹೀನವೂ ಅಲ್ಲ. ಕಂಪನಿ ನಾಟಕಗಳ ಕಾಲದಲ್ಲಿ ಇದೇ ಹಂಬಲದಿಂದ ಹುಡುಗರು ಬಣ್ಣದ ಮನೆಯ ತಟ್ಟಿಯ ಸಂದಿಯಲ್ಲಿ ಕಣ್ಣಿಡುತ್ತಿದ್ದರು. ಏಣಗಿ ಬಾಳಪ್ಪನವರು (1914–2017) ಬಸವೇಶ್ವರರ ಪಾತ್ರ ಧರಿಸಿ ರಂಗದ ಮೇಲೆ ಬಂದರೆ ಪ್ರೇಕ್ಷಕರು ಕೈಮುಗಿಯುತ್ತಿದ್ದುದನ್ನು ನಮ್ಮ ಉತ್ತರ ಕರ್ನಾಟಕದ ಹಳಬರು ಇಂದಿಗೂ ನೆನೆಯುತ್ತಾರೆ. ಮುಂದೆ ಕಂಡ ಬೆಳಕಿಗೆ ಹಿಂದೆ ಎಣ್ಣೆ ಎರೆಯುವವರು ಯಾರು ಎಂಬ ಕುತೂಹಲ ಮನುಷ್ಯನಿಗೆ ಸಹಜವಾದುದು. ಪ್ರಶ್ನೆಯಿರುವುದು ಇಷ್ಟೇ: ಒಳಗೆ ಹೋದವನು ಏನನ್ನು ಕಂಡು ಬರುತ್ತಾನೆ? ಕಂಡುದರಿಂದ ಅವನ ಬಾಳಿನಲ್ಲಿ ಏನಾಗುತ್ತದೆ?

ಇದಕ್ಕೆ ನಮ್ಮ ತಿಕೋಟಾ ತಾಲ್ಲೂಕಿನ ಘೋಣಸಗಿಯ ಒಂದು ದೃಷ್ಟಾಂತವನ್ನು ಹೇಳಬೇಕು. ಊರಿನ ಭಕ್ತರೊಬ್ಬರ ಮಗ, ಪದವಿ ತರಗತಿಯಲ್ಲಿ ಓದುವ ತರುಣ, ಕರ್ನಾಟಕ ತಂಡದ ಪರಮ ಅಭಿಮಾನಿ. ಹೆಸರು ಬರೆಯುವುದು ಬೇಡವೆಂದು ಅವನೇ ಕೇಳಿಕೊಂಡಿದ್ದಾನೆ. 2024ರ ಜನವರಿಯಲ್ಲಿ ಹುಬ್ಬಳ್ಳಿಯ ರಾಜನಗರದ ಮೈದಾನದಲ್ಲಿ ಕರ್ನಾಟಕಕ್ಕೂ ಪಂಜಾಬಿಗೂ ರಣಜಿ ಟ್ರೋಫಿ ಪಂದ್ಯ ನಡೆದಾಗ ಇವನು ರಾತ್ರಿಯ ಬಸ್ಸು ಹಿಡಿದು ಅಲ್ಲಿಗೆ ಹೋದನು. ಮೈದಾನದ ಕೆಲಸಗಾರರೊಬ್ಬರು ಅವನ ಸೋದರಮಾವನಿಗೆ ಪರಿಚಿತರು. ಅವರ ಮಾತಿನ ಮೇಲೆ ಎರಡನೆಯ ದಿನ ಬೆಳಿಗ್ಗೆ, ಆಟ ಆರಂಭವಾಗುವ ಮೊದಲು, ಎಲ್ಲೆಯ ಹಗ್ಗದ ಹೊರಗೆ ನಿಂತು ನೋಡಲು ಅವನಿಗೆ ಅವಕಾಶ ದೊರೆಯಿತು. ಕರಾರು ಎರಡು: ಯಾರನ್ನೂ ಮಾತನಾಡಿಸಕೂಡದು, ಫೋಟೊ ತೆಗೆಯಕೂಡದು.

ಮರಳಿ ಬಂದ ಮೇಲೆ ಅವನು ನಮ್ಮ ಮನೆಗೆ ಬಂದಿದ್ದನು. ಆ ಪಂದ್ಯದಲ್ಲಿ ದೇವದತ್ತ ಪಡಿಕ್ಕಲ್ 193 ಓಟ ಗಳಿಸಿದ್ದರು. ಮನೀಷ್ ಪಾಂಡೆ 118 ಗಳಿಸಿದ್ದರು. ವಾಸುಕಿ ಕೌಶಿಕ್ ಮೊದಲ ಸರದಿಯಲ್ಲಿ 7 ವಿಕೆಟ್ ಉರುಳಿಸಿದ್ದರು. ಕರ್ನಾಟಕ 7 ವಿಕೆಟ್‌ಗಳಿಂದ ಗೆದ್ದಿತ್ತು. ಪತ್ರಿಕೆಗಳಲ್ಲಿ ಬಂದದ್ದು ಇವೇ. ಆ ಹುಡುಗನ ಬಾಯಲ್ಲಿಯೂ ಇವೇ ಬರುವುವೆಂದು ನಾನು ಎಣಿಸಿದ್ದೆ. ಅವನು ಹೇಳಿದ್ದು ಬೇರೆ: “ಗುರುಗಳ, ಆಡೋರ್ನ ನೋಡಾಕ ಹೋಗಿದ್ದೆ. ನೋಡಿ ಬಂದಿದ್ದು ಮಾತ್ರ ದುಡಿಯೋರ್ನ.”

ಆಟ ಬೆಳಿಗ್ಗೆ ಒಂಬತ್ತೂವರೆಗೆ. ಆದರೆ ಹೊತ್ತು ಮೂಡುವಾಗಲೇ ಮೈದಾನದ ಆಳುಗಳು ಬಂದಿದ್ದರು. ರಾತ್ರಿ ಪಿಚ್ಚಿಗೆ ಹೊದಿಸಿದ್ದ ಹೊದಿಕೆಯನ್ನು, ಅದರ ಮೇಲಿನ ಇಬ್ಬನಿ ಒಂದು ಹನಿಯೂ ಒಳಗೆ ಬೀಳದಂತೆ, ಮಡಿಸಿ ಎಳೆದರು. ಒಬ್ಬನು ಹುಲ್ಲು ಕತ್ತರಿಸಿದನು, ಒಬ್ಬನು ಹಿಂದಿನ ದಿನ ಬೌಲರುಗಳ ಕಾಲು ಬಿದ್ದು ಆಗಿದ್ದ ಗುಣಿಗಳನ್ನು ಮಣ್ಣಿನಿಂದ ತುಂಬಿ ಬಡಿದನು, ಮತ್ತೊಬ್ಬನು ಮೊಣಕಾಲೂರಿ ಬಿಳಿಯ ಗೆರೆಗಳನ್ನು ಎಳೆದನು. ಆಮೇಲೆ ರೋಲರು ಬಂದಿತು. ದಿನದ ಆಟಕ್ಕೆ ಮೊದಲು ಬ್ಯಾಟು ಮಾಡುವ ತಂಡದ ನಾಯಕನು ಬೇಡಿದರೆ ಪಿಚ್ಚಿನ ಮೇಲೆ ಏಳು ನಿಮಿಷಕ್ಕೆ ಮೀರದಂತೆ ರೋಲರು ಓಡಿಸಬಹುದೆಂದು ಆಟದ ನಿಯಮವೇ ಇದೆ. ಅಂಪೈರು ಕೈಗಡಿಯಾರ ನೋಡುತ್ತ ನಿಲ್ಲುತ್ತಾರೆ. ಆ ಏಳು ನಿಮಿಷ ರೋಲರನ್ನು ಒಂದೇ ವೇಗದಲ್ಲಿ ನಡೆಸಿದ ವೃದ್ಧನ ಮುಖವನ್ನು ಹುಡುಗನು ಮರೆಯಲಾರದವನಾಗಿದ್ದನು. “ನಮ್ಮಪ್ಪ ಹೊಲದಾಗ ಕುಂಟಿ ಹೊಡಿಯೋ ಮುಂದ ಹಿಂಗ ಇರತಾನ್ರಿ, ಮಾತಿಲ್ಲ ಕತಿಯಿಲ್ಲ” ಎಂದನು.

ಮೈದಾನದ ಬದಿಯಲ್ಲಿ ಬಲೆ ಕಟ್ಟಿದ ಅಂಕಣದೊಳಗೆ ದಾಂಡಿಗರ ಅಭ್ಯಾಸ ನಡೆದಿತ್ತು. ಒಬ್ಬನು ಒಂದೇ ಬಗೆಯ ಹೊಡೆತವನ್ನು ನಲವತ್ತು, ಐವತ್ತು ಸಲ ಹೊಡೆದನು. ಅವನಿಗೆ ಚೆಂಡು ಎಸೆಯುತ್ತಿದ್ದವನ ಹೆಸರು ಯಾವ ಫಲಕದಲ್ಲಿಯೂ ಇರಲಿಲ್ಲ. ತಂಡದ ಹನ್ನೊಂದು ಮಂದಿಯಲ್ಲಿ ಸ್ಥಾನ ಸಿಗದ ಆಟಗಾರರು ಸ್ಥಾನ ಸಿಕ್ಕವರಿಗೆ ನೀರು, ಕೈಗವಸು, ಟವೆಲು ಒಯ್ದುಕೊಡುತ್ತಿದ್ದರು. ಇಬ್ಬರು ಸ್ಕೋರರುಗಳು ಎದುರೆದುರು ಪುಸ್ತಕ ಬಿಡಿಸಿ ಪೆನ್ಸಿಲು ಹದಮಾಡಿಕೊಂಡಿದ್ದರು. ಒಬ್ಬರ ಲೆಕ್ಕ ಇನ್ನೊಬ್ಬರ ಲೆಕ್ಕಕ್ಕೆ ಹೊಂದದಿದ್ದರೆ ಯಾವ ಶತಕವೂ ಶತಕವಲ್ಲ. ಹುಡುಗನು ತನ್ನ ಮೆಚ್ಚಿನ ಆಟಗಾರನ ಹತ್ತು ಮಾರು ದೂರದಲ್ಲಿ ನಿಂತಿದ್ದನು. ಮಾತನಾಡಿಸಲಿಲ್ಲ. ಮಾತನಾಡಿಸಬೇಕೆಂಬ ಆಸೆಯೂ ಆ ಹೊತ್ತಿಗೆ ಉಳಿದಿರಲಿಲ್ಲವೆಂದು ಹೇಳಿದನು. ಕೆಲಸದಲ್ಲಿ ಮುಳುಗಿದವನನ್ನು ಕೂಗುವುದು ಸರಿಯಲ್ಲವೆಂದು ಯಾರೂ ಹೇಳದೆಯೇ ಅವನಿಗೆ ತಿಳಿದಿತ್ತು.

ಹುಬ್ಬಳ್ಳಿಯ ಹೆಸರು ಬಂದಾಗ ಇನ್ನೊಬ್ಬ ಕನ್ನಡಿಗನ ವೃತ್ತಾಂತವನ್ನು ಹೇಳದೆ ಮುಂದೆ ಹೋಗಲಾಗದು. ಉತ್ತರ ಕನ್ನಡದ ಕುಮಟಾದ ಕಡೆಯ ರಾಘವೇಂದ್ರ ದೀವಗಿ ಎಂಬವರು ಕ್ರಿಕೆಟ್ಟಿನ ಹುಚ್ಚಿನಿಂದ, ಜೇಬಿನಲ್ಲಿ 21 ರೂಪಾಯಿ ಇಟ್ಟುಕೊಂಡು, ಮನೆ ಬಿಟ್ಟು ಹುಬ್ಬಳ್ಳಿಗೆ ಬಂದರೆಂದು ಪತ್ರಿಕೆಗಳು ಬರೆದಿವೆ. ಬಸ್ ನಿಲ್ದಾಣದಲ್ಲಿ, ಗುಡಿಯಲ್ಲಿ, ಕೊನೆಗೆ ಸ್ಮಶಾನದ ಒಂದು ಕಟ್ಟಡದಲ್ಲಿ ಮಲಗಿ ಅವರು ದಿನಗಳೆದರು. ಕೈ ಮುರಿದು ಆಟಗಾರನಾಗುವ ಆಸೆ ಅಲ್ಲಿಗೆ ಮುಗಿಯಿತು. ಬೇರೆಯವನಾಗಿದ್ದರೆ ಆಟವನ್ನೇ ಶಪಿಸಿ ಊರಿಗೆ ಮರಳುತ್ತಿದ್ದನೇನೋ. ಇವರು ಆಡಲಾಗದಿದ್ದರೆ ಆಡುವವರಿಗೆ ನೆರವಾಗುತ್ತೇನೆಂದು ಬೆಂಗಳೂರಿಗೆ ಹೋದರು. ಅಭ್ಯಾಸದ ಅಂಕಣದಲ್ಲಿ ಚೆಂಡು ಎಸೆಯುವ ಕಾಯಕ ಹಿಡಿದರು. 2011ರಿಂದ ಭಾರತ ತಂಡದ ಜೊತೆಗೆ ಆ ಕಾಯಕವನ್ನೇ ಮಾಡುತ್ತ ಬಂದರು.

ಆ ಕಾಯಕದ ಬಗೆಯನ್ನು ಸ್ವಲ್ಪ ವಿವರಿಸಬೇಕು. ಗಂಟೆಗೆ 140–150 ಕಿಲೋಮೀಟರ್ ವೇಗದಲ್ಲಿ ಬರುವ ಚೆಂಡನ್ನು ಎದುರಿಸಬೇಕಾದ ದಾಂಡಿಗನಿಗೆ ಅದೇ ವೇಗದ ಅಭ್ಯಾಸ ಬೇಕು. ಆದರೆ ತನ್ನ ತಂಡದ ವೇಗದ ಬೌಲರುಗಳಿಂದ ದಿನವೂ ನೂರಾರು ಚೆಂಡುಗಳನ್ನು ಎಸೆಸಿದರೆ ಅವರ ಮೈ ಪಂದ್ಯಕ್ಕೆ ಉಳಿಯುವುದಿಲ್ಲ. ಅದಕ್ಕಾಗಿ ಉದ್ದ ಹಿಡಿಕೆಯ, ತುದಿಯಲ್ಲಿ ಚೆಂಡು ಕೂರುವ ಬಟ್ಟಲಿನಂಥ ಒಂದು ಸಾಧನವುಂಟು, ಸೈಡ್‌ಆರ್ಮ್ ಎನ್ನುತ್ತಾರೆ. ಕವಣೆಯಿಂದ ಕಲ್ಲು ಬೀಸುವಂತೆ ಅದರಿಂದ ಚೆಂಡು ಬೀಸಿದರೆ ತೋಳಿನ ಬಲಕ್ಕೆ ಹಿಡಿಕೆಯ ಉದ್ದವೂ ಸೇರಿ ವೇಗ ಬರುತ್ತದೆ. ನೋಡಲು ಸುಲಭ, ಆದರೆ ಬೇಕಾದ ಜಾಗದಲ್ಲಿಯೇ ಚೆಂಡು ಬೀಳುವಂತೆ ಬೀಸುವುದಕ್ಕೆ ವರ್ಷಗಳ ಸಾಧನೆ ಬೇಕು. ವೇಗದ ಚೆಂಡನ್ನು ಭಾರತದ ದಾಂಡಿಗರು ಮೊದಲಿಗಿಂತ ಚೆನ್ನಾಗಿ ಎದುರಿಸುತ್ತಿರುವುದರ ಶ್ರೇಯಸ್ಸು ರಘು ಅವರಿಗೆ ಸಲ್ಲಬೇಕೆಂದು ವಿರಾಟ್ ಕೊಹ್ಲಿಯವರೇ ಬಹಿರಂಗವಾಗಿ ಹೇಳಿದ್ದಾರೆ.

2022ರ ನವೆಂಬರ್ 2ರಂದು ಆಸ್ಟ್ರೇಲಿಯಾದ ಅಡಿಲೇಡಿನಲ್ಲಿ ವಿಶ್ವಕಪ್ಪಿನ ಪಂದ್ಯ. ಎದುರಾಳಿ ಬಾಂಗ್ಲಾದೇಶ. ನಡುವೆ ಮಳೆ ಬಂದು ನಿಂತಿತು. ಒದ್ದೆ ನೆಲದ ಮೇಲೆ ಆಟ ಮುಂದುವರಿಯಿತು. ಆಟಗಾರರ ಬೂಟಿನ ಮೊಳೆಗಳಿಗೆ ಕೆಸರು ಮೆತ್ತಿಕೊಂಡರೆ ಕಾಲು ಜಾರುತ್ತದೆ. ಒಂದು ಜಾರಿಕೆ ಒಂದು ಕ್ಯಾಚು, ಒಂದು ಕ್ಯಾಚು ಒಂದು ಪಂದ್ಯ. ಆಗ ರಾಘವೇಂದ್ರರು ಕೈಯಲ್ಲಿ ಬ್ರಶ್ಶು ಹಿಡಿದು ಎಲ್ಲೆಗೆರೆಯ ಸುತ್ತ ಓಡಾಡುತ್ತ, ಹತ್ತಿರ ಬಂದ ಆಟಗಾರರ ಬೂಟಿನ ಕೆಸರನ್ನು ಉಜ್ಜಿ ತೆಗೆದರು. ಭಾರತ 5 ಓಟಗಳಿಂದ ಗೆದ್ದಿತು. ಅಂಕಪಟ್ಟಿಯಲ್ಲಿ ಆ ಬ್ರಶ್ಶಿಗೆ ಅಂಕಣವಿಲ್ಲ. ಆದರೆ ಆ ಚಿತ್ರವನ್ನು ಕಂಡ ಲಕ್ಷಾಂತರ ಜನ, ಗೆಲುವಿನ ಒಳಮನೆಯನ್ನು ಅಂದು ಮೊದಲ ಸಲ ಕಂಡರು.

ನಮ್ಮ ಪರಂಪರೆಯನ್ನು ಬಲ್ಲವರಿಗೆ ಈ ಚಿತ್ರ ಅಪರಿಚಿತವಲ್ಲ. ನಮ್ಮದೇ ಜಿಲ್ಲೆಯ ದೇವರ ಹಿಪ್ಪರಗಿಯ ಮಡಿವಾಳ ಮಾಚಿದೇವರು ಶರಣರ ಬಟ್ಟೆಗಳನ್ನು ಮಡಿಮಾಡುವ ಕಾಯಕವನ್ನು ಕೈಕೊಂಡವರು. ಕಲ್ಯಾಣದಲ್ಲಿ ಬಸವಣ್ಣನವರ ಕೀರ್ತಿ ಬೆಳಗುತ್ತಿದ್ದಾಗ ಮಾಚಿದೇವರ ಕೈಗಳು ಹಳ್ಳದ ನೀರಿನಲ್ಲಿ ನೆನೆಯುತ್ತಿದ್ದವು. ಆದರೆ ಅವರ ಸ್ಥಾನ ಪ್ರಧಾನಿಯ ಸ್ಥಾನಕ್ಕಿಂತ ಕೆಳಗಿನದೆಂದು ಯಾವ ಶರಣನೂ ಭಾವಿಸಲಿಲ್ಲ. ದುಡಿಯದೆ ಉಣ್ಣುವವರ ಬಟ್ಟೆಯನ್ನು ಅವರು ಮುಟ್ಟುತ್ತಿರಲಿಲ್ಲವೆಂದು ಸಂಪ್ರದಾಯ ಹೇಳುತ್ತದೆ. ಎಂದರೆ ತೆರೆಯ ಹಿಂದೆ ದುಡಿಯುವವನಿಗೆ ತೆರೆಯ ಮುಂದೆ ನಿಂತವನನ್ನು ಪರೀಕ್ಷಿಸುವ ಅಧಿಕಾರವನ್ನು ಆ ಸಮಾಜ ಕೊಟ್ಟಿತ್ತು. ಹನ್ನೆರಡನೆಯ ಶತಮಾನದ ಹಿರಿಮೆ ಕೇವಲ ಕಾಯಕವನ್ನು ಹೊಗಳಿದ್ದರಲ್ಲಿ ಇಲ್ಲ. ಮರೆಯಲ್ಲಿ ನಡೆಯುವ ಕಾಯಕವನ್ನು ಸಭೆಯ ನಡುವೆ ಕೂರಿಸಿದ್ದರಲ್ಲಿದೆ.

ಒಳಗನ್ನು ಕಾಣದ ಅಭಿಮಾನ ಎಷ್ಟು ಸದುದ್ದೇಶದ್ದಾದರೂ ಗುರಿ ತಪ್ಪಬಹುದೆಂಬುದಕ್ಕೆ ವಿಜಯಪುರದ ಹೆಮ್ಮೆಯ ಮಗಳು ರಾಜೇಶ್ವರಿ ಗಾಯಕವಾಡರ ಪ್ರಸಂಗವೊಂದು ಸಾಕ್ಷಿ. 2017ರ ಮಹಿಳಾ ವಿಶ್ವಕಪ್ಪಿನಲ್ಲಿ, ಜುಲೈ 15ರಂದು ಇಂಗ್ಲೆಂಡಿನ ಡರ್ಬಿಯಲ್ಲಿ, ಅವರು ನ್ಯೂಜಿಲೆಂಡಿನ ಎದುರು ಕೇವಲ 15 ಓಟ ಕೊಟ್ಟು 5 ವಿಕೆಟ್ ಕಿತ್ತರು. ಭಾರತ 186 ಓಟಗಳಿಂದ ಗೆದ್ದು ಸೆಮಿಫೈನಲಿಗೆ ಏರಿತು. ಮುಂದೆ ಲಾರ್ಡ್ಸ್ ಮೈದಾನದ ಫೈನಲಿನಲ್ಲಿ 9 ಓಟಗಳಿಂದ ಸೋತಿತು. ನಮ್ಮ ಸೀಮೆಯ ಎಡಗೈ ಸ್ಪಿನ್ನಿಗೆ ಜಗತ್ತು ತಲೆದೂಗಿತು. ಆಗ ಸಚಿವರಾಗಿದ್ದ ನಮ್ಮ ಬಬಲೇಶ್ವರ ಕ್ಷೇತ್ರದ ಎಂ. ಬಿ. ಪಾಟೀಲರು ಅಭಿಮಾನದಿಂದ ಕಾರೊಂದನ್ನು ಕಾಣಿಕೆಯಾಗಿ ಕೊಡಲು ಮುಂದಾದರು. ಕುಟುಂಬದ ಭಾರ ಹೊತ್ತಿದ್ದ ಆಕೆ ತನಗೆ ಕಾರಿಗಿಂತ ಮನೆಯ ಅಗತ್ಯ ಹೆಚ್ಚೆಂದು ವಿನಯದಿಂದ ಹೇಳಿದರೆಂದು ಅಂದಿನ ಪತ್ರಿಕೆಗಳಲ್ಲಿ ವರದಿಯಾಯಿತು. ಆ ಉತ್ತರದಲ್ಲಿ ಅಹಂಕಾರವಿಲ್ಲ, ದೈನ್ಯವೂ ಇಲ್ಲ. ಜಗತ್ತು ವಿಕೆಟ್ಟು ಎಣಿಸುತ್ತಿದ್ದಾಗ ಆ ಮಗಳು ತಾಯಿ, ತಂಗಿ, ತಮ್ಮಂದಿರ ತಲೆಯ ಮೇಲಿನ ಸೂರನ್ನು ನೆನೆಯುತ್ತಿದ್ದಳು. ಗೆದ್ದವರಿಗೆ ಏನು ಕೊಡಬೇಕೆಂಬುದು ನಮಗೆ ಬೇಗ ಹೊಳೆಯುತ್ತದೆ; ಅವರಿಗೆ ಏನು ಬೇಕೆಂಬುದನ್ನು ಕೇಳಿ ತಿಳಿಯಬೇಕಾಗುತ್ತದೆ.

ಇನ್ನು ಬರೆಯಲು ಮನಸ್ಸು ಹಿಂಜರಿಯುವ ಒಂದು ಮಾತು. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಬೆಂಗಳೂರಿನ ತಂಡ, ಐಪಿಎಲ್ ಆರಂಭವಾದ 2008ರಿಂದ ಕಾದ ಮೇಲೆ, ಮೊದಲ ಸಲ ಪ್ರಶಸ್ತಿ ಗೆದ್ದಿತು. ಅದಕ್ಕೂ ಹಿಂದಿನ ವರ್ಷ, 2024ರ ಮಾರ್ಚಿನಲ್ಲಿ, ಅದೇ ಹೆಸರಿನ ಮಹಿಳಾ ತಂಡ ದಿಲ್ಲಿಯಲ್ಲಿ ಗೆದ್ದಾಗ ಶ್ರೇಯಾಂಕಾ ಪಾಟೀಲ 12 ಓಟಕ್ಕೆ 4 ವಿಕೆಟ್ ಪಡೆದಿದ್ದರು. ಪುರುಷರ ತಂಡದ ಗೆಲುವಿನ ಮರುದಿನ, ಜೂನ್ 4ರಂದು, ತಂಡವನ್ನು ಕಣ್ಣಾರೆ ಕಾಣಬೇಕೆಂದು ಜನಸಾಗರ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳಿಗೆ ಹರಿದು ಬಂದಿತು. ಕಾಲ್ತುಳಿತದಲ್ಲಿ 11 ಮಂದಿ ಪ್ರಾಣ ಬಿಟ್ಟರು. ಅವರು ಮಾಡಿದ ತಪ್ಪೇನೂ ಇರಲಿಲ್ಲ. ತಾವು ಪ್ರೀತಿಸಿದ್ದನ್ನು ಹತ್ತಿರದಿಂದ ನೋಡಲು ಬಂದಿದ್ದರು, ಅಷ್ಟೆ. ಏರ್ಪಾಟಿನ ಲೋಪಗಳನ್ನು ಅರಿಯಲು ಸರ್ಕಾರ ವಿಚಾರಣಾ ಆಯೋಗವನ್ನು ನೇಮಿಸಿತು. ಹೊಣೆಯ ನಿರ್ಣಯ ನ್ಯಾಯದ ಕೆಲಸ. ಅದನ್ನು ಈ ಅಂಕಣ ಮಾಡದು. ಆದರೆ ಮಕ್ಕಳನ್ನು ಬೆಳೆಸುವ ಮನೆಗಳು ತಮ್ಮಷ್ಟಕ್ಕೆ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಹತ್ತಿರವಾಗುವುದೆಂದರೆ ಏನೆಂದು ನಾವು ಮಕ್ಕಳಿಗೆ ಹೇಳಿಕೊಟ್ಟಿದ್ದೇವೆ?

ಈ ಪ್ರಶ್ನೆಗೆ ಉತ್ತರ ಹುಡುಕಲು ಲಿಂಗವಂತರು ದೂರ ಹೋಗಬೇಕಾಗಿಲ್ಲ. ಗುಡಿಯ ಬಾಗಿಲಲ್ಲಿ ನೂಕುನುಗ್ಗಲಿನೊಳಗೆ ನಿಂತು, ಯಾರದೋ ಹೆಗಲ ಮೇಲಿಂದ ಇಣುಕಿ ನೋಡುವುದೇ ದರ್ಶನವಾಗಿದ್ದ ಕಾಲದಲ್ಲಿ, ಒಳಗೆ ಕಾಲಿಡಲೂ ಅನೇಕರಿಗೆ ಅಧಿಕಾರವಿಲ್ಲದಿದ್ದ ಕಾಲದಲ್ಲಿ, ಬಸವಾದಿ ಶರಣರು ಇಷ್ಟಲಿಂಗವನ್ನು ಅಂಗೈಯ ಮೇಲೆ ಇಟ್ಟರು. ಸಾಮೀಪ್ಯವೆಂಬುದು ಜನಜಂಗುಳಿಯನ್ನು ಸೀಳಿ ಮುಂದೆ ಹೋದವನ ಸೊತ್ತಲ್ಲ. ಅದು ನಿನ್ನ ಕೈಯಲ್ಲಿಯೇ ಇದೆ, ನೀನು ಕೂತ ನೆಲದಲ್ಲಿಯೇ ಇದೆ ಎಂದರು. ಲಿಂಗವನ್ನು ಹಿಡಿದ ಕೈಯೇ ಕಾಯಕವನ್ನೂ ಮಾಡಬೇಕೆಂದರು. ಆಟಗಾರರನ್ನು ದೇವರಿಗೆ ಹೋಲಿಸುವುದು ನನ್ನ ಉದ್ದೇಶವಲ್ಲ. ಅಂಥ ಹೋಲಿಕೆ ಅವರಿಗೂ ಭಾರ. ಶರಣರು ಕಲಿಸಿದ ಸಾಮೀಪ್ಯದ ರೀತಿಯನ್ನು ಲೋಕದ ಪ್ರೀತಿಗಳಿಗೂ ಅನ್ವಯಿಸಬಹುದೆಂಬುದಷ್ಟೇ ನನ್ನ ಮಾತು. ಮೆಚ್ಚಿದವನ ಮೈ ಮುಟ್ಟಿದರೆ ಹತ್ತಿರವಾಗಲಿಲ್ಲ. ಅವನ ಕಾಯಕದ ಒಂದು ಎಳೆಯನ್ನು ನನ್ನ ಕಾಯಕಕ್ಕೆ ತಂದುಕೊಂಡರೆ ಹತ್ತಿರವಾದೆ.

ಆಸೆಗೆ ಮಿತಿ ಬೇಕೆಂಬುದನ್ನೂ ಶರಣರ ಮನೆಯೇ ಕಲಿಸುತ್ತದೆ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರಬೇಕೆಂದು ಮರಳಿ ಕಳುಹಿಸಿದವರು ಅವರ ಧರ್ಮಪತ್ನಿ ಲಕ್ಕಮ್ಮನವರು. ಇಂದಿನ ತಾಯಂದಿರಿಗೂ ಅದೇ ಅಧಿಕಾರವಿದೆ. ಮಗನ ಅಭಿಮಾನವನ್ನು ಕಿತ್ತು ಎಸೆಯಬೇಡಿರಿ. ಅದರಲ್ಲಿ ಹೆಚ್ಚಾದದ್ದನ್ನು ಮಾತ್ರ ಸುರಿದು ಬರಲು ಹೇಳಿರಿ. ತಂಡ ಸೋತ ರಾತ್ರಿ ಉಣ್ಣದೆ ಮಲಗುವುದು, ಎದುರು ತಂಡದವರನ್ನು ಹೊಲಸು ಮಾತಿನಿಂದ ಬೈಯುವುದು, ಪಂದ್ಯದ ಮೇಲೆ ಹಣ ಕಟ್ಟುವುದು, ಗುಂಪಿನ ಭರಕ್ಕೆ ಮೈಮರೆತು ನುಗ್ಗುವುದು: ಇವು ಹೆಚ್ಚಾದ ಅಕ್ಕಿ. ಆಟವನ್ನು ತಿಳಿದು ಸವಿಯುವುದು, ಒಳ್ಳೆಯದನ್ನು ಎದುರಾಳಿಯಲ್ಲಿಯೂ ಮೆಚ್ಚುವುದು, ಬೆಳಗಿನ ಹೊತ್ತು ತಾನೂ ಮೈದಾನಕ್ಕೆ ಇಳಿಯುವುದು: ಇವು ಆ ದಿನದ ದಾಸೋಹಕ್ಕೆ ಸಾಲುವ ಅಕ್ಕಿ.

ನಮ್ಮ ತಿಕೋಟಾ ಸೀಮೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ದ್ರಾಕ್ಷಿಯ ಗೊಂಚಲನ್ನು ಪೇಟೆಯಲ್ಲಿ ಕೊಂಡವನು ಅದರ ಸಿಹಿಯನ್ನಷ್ಟೇ ಬಲ್ಲನು. ಏಪ್ರಿಲಿನ ಚಾಟ್ನಿ, ಅಕ್ಟೋಬರಿನ ಚಾಟ್ನಿ, ರೋಗದ ಭಯ, ಅಕಾಲದ ಮಳೆಗೆ ನಿದ್ದೆಗೆಟ್ಟ ರಾತ್ರಿ, ಟ್ಯಾಂಕರಿನ ನೀರಿನ ಸಾಲ, ಇವೆಲ್ಲ ಬೆಳೆದವನ ಮನೆಯ ಒಳಗಿನ ಮಾತು. ತೋಟವನ್ನು ಒಮ್ಮೆ ಹೊಕ್ಕು ನೋಡಿದವನು ಮತ್ತೆ ಹಣ್ಣನ್ನು ತಿಂದು ಅರ್ಧ ಎಸೆಯಲಾರನು. ನಮ್ಮ ಮನೆಗಳಲ್ಲಿ ಬೆಳೆದ ಮಕ್ಕಳಿಗೆ ದುಡಿಮೆಯ ಒಳಮನೆಯನ್ನು ಕಾಣುವ ಕಣ್ಣು ಹುಟ್ಟಿನಿಂದಲೇ ಬಂದಿದೆ. ಅದನ್ನು ಆಟದ ಕಡೆಗೆ ತಿರುಗಿಸಿದರೆ ಸಾಕು.

ಆದುದರಿಂದ ಗೃಹಸ್ಥರಲ್ಲಿ ನನ್ನದೊಂದು ಬಿನ್ನಹ. ಮಕ್ಕಳನ್ನು ದೊಡ್ಡ ಪಂದ್ಯಗಳಿಗೆ ಕಳುಹಿಸುವುದು ಸಾಧ್ಯವಾಗದಿದ್ದರೆ ಚಿಂತೆ ಬೇಡ. ರಣಜಿ ಪಂದ್ಯಗಳು ಹುಬ್ಬಳ್ಳಿಯಂಥ ಸಮೀಪದ ಊರುಗಳಲ್ಲಿಯೂ ನಡೆಯುತ್ತವೆ. ಅಲ್ಲಿ ಗದ್ದಲ ಕಡಿಮೆ, ಕಲಿಯುವುದು ಹೆಚ್ಚು. ಆಟ ಆರಂಭವಾಗುವ ಮೊದಲೇ ಕರೆದೊಯ್ಯಿರಿ. ಯಾರು ಎಷ್ಟು ಓಟ ಹೊಡೆದರೆಂದು ಮಾತ್ರ ಕೇಳದೆ, ನೆಲ ಹದಮಾಡಿದವರು ಯಾರು, ಚೆಂಡು ಎಸೆದುಕೊಟ್ಟವರು ಯಾರು, ನೀರು ತಂದವರು ಯಾರು ಎಂದೂ ಕೇಳಿರಿ. ಟಿ.ವಿ.ಯ ಮುಂದೆ ಕುಳಿತಾಗಲೂ ಇದೇ ಪ್ರಶ್ನೆ ಕೇಳಬಹುದು. ಜಾತ್ರೆಯಲ್ಲಿ ತೇರನ್ನು ನೋಡಲು ಮಾತ್ರ ಮಕ್ಕಳನ್ನು ಕರೆದೊಯ್ಯಬೇಡಿರಿ. ದಾಸೋಹದ ಮನೆಯಲ್ಲಿ ಒಂದು ಗಂಟೆ ಕಾಯಿಪಲ್ಲೆ ಹೆಚ್ಚಲು, ಎಲೆ ಹಾಕಲು, ಎಂಜಲು ತೆಗೆಯಲು ಕೂಡಿಸಿರಿ. ತೇರಿನ ಕಳಸ ಎಲ್ಲರಿಗೂ ಕಾಣುತ್ತದೆ. ತೇರಿನ ಗಾಲಿಗೆ ಕೈಗೊಡುವವನ ಬೆವರು ಹತ್ತಿರ ಹೋದವನಿಗಷ್ಟೇ ಕಾಣುತ್ತದೆ.

ಘೋಣಸಗಿಯ ಆ ತರುಣನ ವಿಷಯ ಕೇಳಬೇಕೆಂದು ಓದುಗರಿಗೆ ಅನ್ನಿಸಬಹುದು. ಅವನು ಆಟಗಾರನಾಗಲಿಲ್ಲ, ಆಗುವ ಆಸೆಯೂ ಅವನಿಗಿಲ್ಲ. ಅವನ ಗೋಡೆಯ ಮೇಲಿನ ಚಿತ್ರಗಳು ಹಾಗೆಯೇ ಇವೆ. ಆದರೆ ಊರಿನ ಹುಡುಗರು ಹಬ್ಬದ ರಜೆಯಲ್ಲಿ ಪಂದ್ಯ ಏರ್ಪಡಿಸಿದಾಗ ಬೆಳಗಿನ ಐದು ಗಂಟೆಗೆ ಎದ್ದು ನೆಲಕ್ಕೆ ನೀರು ಹೊಡೆದು, ಕಲ್ಲು ಆರಿಸಿ, ಸುಣ್ಣದ ಗೆರೆ ಎಳೆಯುವವನು ಈಗ ಅವನೇ. ದಿನವಿಡೀ ಲೆಕ್ಕ ಬರೆಯುವವನೂ ಅವನೇ. ಎರಡೂ ತಂಡದವರು ಅವನ ಲೆಕ್ಕವನ್ನು ನಂಬುತ್ತಾರೆ, ಜಗಳವಿಲ್ಲ. ಮೊದಲು ಸೋತವರ ಕಡೆಯವರು ಕಲ್ಲು ತೂರಿ ಮನೆಗೆ ಹೋದ ವರ್ಷಗಳೂ ಇದ್ದವು.

ಅಭಿಮಾನವೆಂಬ ಶಬ್ದದಿಂದ ಈ ಮಾತು ತೊಡಗಿತು. ‘ನನ್ನ ತಂಡ’ ಎನ್ನುವಾಗ ‘ನನ್ನ’ ಎಂಬುದು ಮುಂದೆ ನಿಂತರೆ ಅದು ಗರ್ವ. ಅದು ಗೆದ್ದಾಗ ಕೂಗುತ್ತದೆ, ಸೋತಾಗ ಬೈಯುತ್ತದೆ. ಆ ತಂಡಕ್ಕಾಗಿ ಮರೆಯಲ್ಲಿ ದುಡಿದವರ ಕೈಗಳು ಕಣ್ಣಮುಂದೆ ನಿಂತರೆ ಅದು ಪ್ರೀತಿ. ಅದು ಗೆದ್ದಾಗ ಕೈಮುಗಿಯುತ್ತದೆ, ಸೋತಾಗ ಕೈಗೂಡಿಸುತ್ತದೆ. ನಮ್ಮ ಮಕ್ಕಳ ಅಭಿಮಾನ ಈ ಎರಡನೆಯ ದಾರಿಯನ್ನು ಹಿಡಿಯಲಿ. ಅವರು ಹೋದ ಬಾಗಿಲುಗಳಿಂದ ಸುರಕ್ಷಿತವಾಗಿ ಮನೆಗೆ ಮರಳಲಿ, ಮರಳುವಾಗ ಒಂದು ಒಳ್ಳೆಯ ಕೆಲಸವನ್ನು ಕಲಿತು ಬರಲಿ ಎಂದು ಬಸವಾದಿ ಪ್ರಮಥರನ್ನು ಪ್ರಾರ್ಥಿಸುತ್ತೇನೆ.

ಶರಣು ಶರಣಾರ್ಥಿ.